ಕಿವುಡು ಚಿರತೆಯ ಎಡಗಾಲು

ಹೆವಿ ಮೆಟಲ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ಅದರಲ್ಲೂ ಎಂಬತ್ತರ ದಶಕದ 'ಗ್ಲಾಮ್ ಮೆಟಲ್' ಅಂದರೆ ಮೆಟಲ್ ಕೇಳುವವರೇ ಮೂಗು ಮುರಿಯುತ್ತಾರೆ. ಕೂದಲಿಗೆ ಡಬ್ಬಿಗಟ್ಟಲೆ ಸ್ಪ್ರೇ, ಕಣ್ಣಿಗೆ ಕಾಡಿಗೆ, ಮೈಗಂಟಿದ ಪ್ಯಾಂಟು, ಹುಡುಗಿ ಮತ್ತು ಪಾರ್ಟಿ ಬಿಟ್ಟರೆ ಬೇರೆ ವಿಷಯವೇ ಇಲ್ಲದ ಹಾಡುಗಳು... ಆರೋಪಪಟ್ಟಿ ಉದ್ದವಾಗಿದೆ, ಬಹುಪಾಲು ನಿಜವೂ ಹೌದು. ಆದರೂ ಆ ಗುಂಪಿನಲ್ಲಿ ಹೆಸರು ಬರುವ ಒಂದು ಬ್ಯಾಂಡಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಡೆಫ್ ಲೆಪರ್ಡ್. ಕನ್ನಡಕ್ಕೆ ತಂದರೆ ಕಿವುಡು ಚಿರತೆ :-)

'ಅವರು ಗ್ಲಾಮ್ ಮೆಟಲ್ ಅಲ್ಲವೇ ಅಲ್ಲ' ಅಂತ ಜಗಳಕ್ಕೆ ಬರುವವರು ಇದ್ದೇ ಇದ್ದೀರಿ ಅಂತ ಗೊತ್ತು. ಗಾಯಕ ಜೋ ಎಲಿಯಟ್ ಕೂಡ ಆ ಹಣೆಪಟ್ಟಿಯನ್ನು ಒಪ್ಪುವುದಿಲ್ಲ. ಹಾಗಾಗಿ ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ.

ಗ್ಲಾಮ್ ಅನ್ನುವುದು ಎರಡು ಸಲ ಹುಟ್ಟಿತು. ಮೊದಲ ಸಲ ಎಪ್ಪತ್ತರ ದಶಕದ ಶುರುವಿನ ಇಂಗ್ಲೆಂಡಿನಲ್ಲಿ: ಟಿ. ರೆಕ್ಸ್, ಸ್ಲೇಡ್, ಡೇವಿಡ್ ಬೋವಿ, ಮಾಟ್ ದ ಹೂಪಲ್. ಮಿನುಗುವ ಬಟ್ಟೆ, ಮುಖಕ್ಕೆ ಬಣ್ಣ, ಎಲ್ಲರೂ ಒಟ್ಟಿಗೆ ಕೂಗಿ ಹಾಡಬಹುದಾದ ಪಲ್ಲವಿಗಳು. ಎರಡನೇ ಸಲ ಎಂಬತ್ತರ ದಶಕದ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್‌ನಲ್ಲಿ: ಮಾಟ್ಲಿ ಕ್ರೂ, ರ‍್ಯಾಟ್, ಪಾಯ್ಸನ್ ಇತ್ಯಾದಿ. ಎರಡನೆಯದು ಮೊದಲನೆಯದರ ಮೊಮ್ಮಗು. 1983ರಲ್ಲಿ ಕ್ವಾಯಟ್ ರಯಟ್ ಅನ್ನುವ ಲಾಸ್ ಏಂಜಲೀಸ್ ತಂಡ ಅಮೆರಿಕದ ಆಲ್ಬಮ್ ಪಟ್ಟಿಯ ತುದಿ ಮುಟ್ಟಿದ್ದು ಸ್ಲೇಡ್‌ನ ಹಳೇ ಹಾಡೊಂದನ್ನು ಮತ್ತೆ ಹಾಡಿಯೇ. ಡೆಫ್ ಲೆಪರ್ಡ್ ಹುಡುಗರು ಮೊದಲನೇ ಗ್ಲಾಮ್ ಕೇಳಿ ಬೆಳೆದವರು, ಎರಡನೇ ಗ್ಲಾಮಿನ ಜನಕ್ಕೆ ಕ್ಯಾಸೆಟ್ ಮಾರಿದವರು. ಅಜ್ಜನ ಮನೆಯ ಅಡುಗೆ, ಮೊಮ್ಮಕ್ಕಳ ಊಟ.

ಇಂಗ್ಲೆಂಡಿನ ಶೆಫೀಲ್ಡ್ ಅಂದರೆ ಉಕ್ಕು. ಚಾಕು, ಕತ್ತರಿ, ಚಮಚಗಳಿಗೆ ಹೆಸರಾದ ಊರು. ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿನ ಹುಡುಗನಿಗೆ ಶಾಲೆ ಮುಗಿದರೆ ಕಾರ್ಖಾನೆ, ಅದು ಬೇಡ ಅಂದರೆ ಫುಟ್‌ಬಾಲ್, ಅದೂ ಆಗದಿದ್ದರೆ ಬ್ಯಾಂಡು. ರಿಕ್ ಸ್ಯಾವೇಜ್, ಪೀಟ್ ವಿಲ್ಲಿಸ್ ಮತ್ತು ಟೋನಿ ಕೆನ್ನಿಂಗ್ ಸೇರಿ 'ಅಟಾಮಿಕ್ ಮಾಸ್' ಅಂತ ಒಂದು ತಂಡ ಕಟ್ಟಿಕೊಂಡಿದ್ದರು. 1977ರಲ್ಲಿ ಒಂದು ದಿನ ಬಸ್ ತಪ್ಪಿಸಿಕೊಂಡ ಜೋ ಎಲಿಯಟ್ ದಾರಿಯಲ್ಲಿ ಪೀಟ್ ವಿಲ್ಲಿಸ್‌ಗೆ ಸಿಕ್ಕ. ಗಿಟಾರ್ ನುಡಿಸುವ ಆಸೆಯಿಂದ ಬಂದವನನ್ನು ಇವರು ಗಾಯಕ ಮಾಡಿದರು. ಹೆಸರು ತಂದವನೂ ಅವನೇ. ಶಾಲೆಯಲ್ಲಿ ಇಲ್ಲದ ಬ್ಯಾಂಡುಗಳಿಗೆ ಪೋಸ್ಟರ್ ಬರೆಯುವ ಚಟ ಅವನಿಗೆ, ಅದರಲ್ಲಿ ಒಂದು ಬ್ಯಾಂಡು ಕಿವುಡು ಚಿರತೆ. ಪಂಕ್ ತಂಡದ ಹೆಸರಿನ ಹಾಗೆ ಕಾಣಬಾರದು ಅಂತ ಕೆನ್ನಿಂಗ್ ಕಾಗುಣಿತ ತಿರುಚಿದ.

1978ರ ಜನವರಿಯಲ್ಲಿ ಸ್ಟೀವ್ ಕ್ಲಾರ್ಕ್ ಬಂದ. ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದ ಹುಡುಗ, ಚಿಕ್ಕಂದಿನಲ್ಲಿ ಶಾಸ್ತ್ರೀಯ ಗಿಟಾರ್ ಕಲಿತವನು. 'ತೆಗೆದುಕೊಳ್ಳಬೇಕಾ ಬೇಡವಾ' ಅಂತ ನೋಡಲು ಕರೆದಾಗ ಲಿನರ್ಡ್ ಸ್ಕಿನರ್ಡ್ ತಂಡದ 'ಫ್ರೀ ಬರ್ಡ್' ಹಾಡನ್ನು ಯಾರ ಪಕ್ಕವಾದ್ಯವೂ ಇಲ್ಲದೆ ಒಬ್ಬನೇ ಪೂರ್ತಿ ನುಡಿಸಿದನಂತೆ. ಚಮಚ ಮಾಡುವ ಹಳೇ ಕಾರ್ಖಾನೆಯ ಕೋಣೆಯೊಂದರಲ್ಲಿ ಅಭ್ಯಾಸ. ಅದೇ ವರ್ಷ ನವೆಂಬರಿನಲ್ಲಿ ಕೆನ್ನಿಂಗ್ ಬಿಟ್ಟುಹೋದ. ಡ್ರಮ್ಮರ್ ಬೇಕಾಗಿದೆ ಅನ್ನುವುದನ್ನು ಪತ್ರಿಕೆಯಲ್ಲಿ ನೋಡಿ ತನ್ನ ಮಗನಿದ್ದಾನೆ ಅಂತ ಮುಂದೆ ಬಂದವಳು ಒಬ್ಬ ತಾಯಿ. ಮಗನ ಹೆಸರು ರಿಕ್ ಅಲೆನ್. ಅವನಿಗೆ ಹದಿನೈದು ತುಂಬಿ ಒಂದು ತಿಂಗಳೂ ಆಗಿರಲಿಲ್ಲ.

1979ರಲ್ಲಿ ಜೋ ತನ್ನ ಅಪ್ಪನ ಹತ್ತಿರ ಸಾಲ ಮಾಡಿ ಮೂರು ಹಾಡಿನ ರೆಕಾರ್ಡ್ ಹೊರತಂದ. ಬಿಬಿಸಿ ರೇಡಿಯೋದ ಜಾನ್ ಪೀಲ್ ಅದನ್ನು ಹಾಕಿದ. ದೊಡ್ಡ ಕಂಪನಿಯ ಕರಾರು ಬಂತು. 1980ರಲ್ಲಿ ಮೊದಲ ಆಲ್ಬಮ್ 'ಆನ್ ಥ್ರೂ ದ ನೈಟ್'. ಅದರಲ್ಲಿ ಅಮೆರಿಕಕ್ಕೆ ನಮಸ್ಕಾರ ಹೇಳುವ ಹಾಡೊಂದಿತ್ತು. ಅಷ್ಟು ಸಾಕಾಯಿತು, ಇಂಗ್ಲೆಂಡಿನ ಅಭಿಮಾನಿಗಳು ಇವರು ಮಾರಿಕೊಂಡರು ಅಂತ ಸಿಟ್ಟಾದರು. ಅದೇ ವರ್ಷ ರೀಡಿಂಗ್ ಉತ್ಸವದಲ್ಲಿ ವೇದಿಕೆಗೆ ಡಬ್ಬಿ, ಬಾಟಲಿಗಳು ಹಾರಿಬಂದವು. ಊರು ಬಿಟ್ಟವನನ್ನು ಊರವರು ಆಡಿಕೊಳ್ಳುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದಿರಾ?

ಇಲ್ಲಿ ಕತೆಗೆ ಇನ್ನೊಬ್ಬ ಬರುತ್ತಾನೆ. ಹೆಸರು ರಾಬರ್ಟ್ ಜಾನ್ 'ಮಟ್' ಲ್ಯಾಂಗ್. ಈಗಿನ ಜಾಂಬಿಯಾದಲ್ಲಿ ಹುಟ್ಟಿದವನು, ಸಂದರ್ಶನ ಕೊಡದೆ, ಕ್ಯಾಮೆರಾ ಎದುರು ಬಾರದೆ ಕೆಲಸ ಮಾಡುವವನು. ಎಸಿ/ಡಿಸಿ ತಂಡದ 'ಬ್ಯಾಕ್ ಇನ್ ಬ್ಲ್ಯಾಕ್' (1980) ಅವನ ನಿರ್ಮಾಣ. ಡೆಫ್ ಲೆಪರ್ಡ್‌ಗೆ ಅವನು ಮಾಡಿಕೊಟ್ಟ ಮೊದಲ ಆಲ್ಬಮ್ 1981ರ 'ಹೈ ಎನ್ ಡ್ರೈ'. ಎರಡನೆಯದು 1983ರ ಜನವರಿಯಲ್ಲಿ ಬಂದ 'ಪೈರೋಮೇನಿಯಾ'. ಅಷ್ಟರಲ್ಲಿ ಅಮೆರಿಕದಲ್ಲಿ ಎಂಟಿವಿ ಶುರುವಾಗಿತ್ತು. 'ಫೋಟೋಗ್ರಾಫ್' ಹಾಡಿನ ವೀಡಿಯೋ ಹಗಲೂ ರಾತ್ರಿ ಓಡಿತು. ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂತು. ಮೊದಲನೇ ಸ್ಥಾನದಲ್ಲಿ ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಕೂತಿತ್ತು, ಅದನ್ನು ಅಲ್ಲಾಡಿಸುವುದು ಯಾರಿಗೂ ಸಾಧ್ಯವಿರಲಿಲ್ಲ ಬಿಡಿ.

ಒಂದು ವಿಷಯ ಇಲ್ಲಿ ಮರೆಯಬಾರದು. 'ಪೈರೋಮೇನಿಯಾ' ಧ್ವನಿಮುದ್ರಣದ ನಡುವೆ, 1982ರ ಜುಲೈನಲ್ಲಿ, ಪೀಟ್ ವಿಲ್ಲಿಸ್‌ನನ್ನು ತಂಡದಿಂದ ತೆಗೆದುಹಾಕಿದರು. ಕಾರಣ ಕುಡಿತ. ತಂಡ ಕಟ್ಟಿದವರಲ್ಲಿ ಒಬ್ಬ, ಜೋಗೆ ದಾರಿಯಲ್ಲಿ ಸಿಕ್ಕವನು. ಅವನ ಜಾಗಕ್ಕೆ ಲಂಡನ್ನಿನ 'ಗರ್ಲ್' ಅನ್ನುವ ಗ್ಲಾಮ್ ತಂಡದಿಂದ ಫಿಲ್ ಕಾಲಿನ್ ಬಂದ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಮುಂದೆ ಬರುವುದನ್ನು ಓದಿ 'ಆಹಾ, ಎಂಥಾ ದೇವರಂಥಾ ಗೆಳೆಯರು' ಅಂತ ನೀವು ಕರಗಿಬಿಡಬಾರದು. ಇವರು ಕೆಲಸ ಕೆಡಿಸಿದವನನ್ನು ಹೊರಗೆ ಹಾಕಬಲ್ಲವರೂ ಆಗಿದ್ದರು.

1984ರಲ್ಲಿ ಮುಂದಿನ ಆಲ್ಬಮ್ಮಿನ ಕೆಲಸ ಶುರು. ಮಟ್ ಲ್ಯಾಂಗ್ ದಣಿದಿದ್ದೇನೆ ಅಂತ ಹಿಂದೆ ಸರಿದ. ಜಿಮ್ ಸ್ಟೈನ್‌ಮನ್ ಅನ್ನುವ ಇನ್ನೊಬ್ಬ ಹೆಸರಾಂತ ನಿರ್ಮಾಪಕನನ್ನು ಕರೆಸಿದರು, ಹೊಂದಲಿಲ್ಲ. ತಾವೇ ಮಾಡಿಕೊಳ್ಳಲು ಹೊರಟರು, ಮನಸ್ಸಿಗೆ ಬಂದ ಹಾಗೆ ಆಗಲಿಲ್ಲ. ವರ್ಷದ ಕೊನೆಗೆ ರಜೆಗೆ ಊರಿಗೆ ಬಂದರು.

1984ರ ಡಿಸೆಂಬರ್ 31. ಶೆಫೀಲ್ಡ್ ಹೊರಗಿನ ಎ57 ರಸ್ತೆಯಲ್ಲಿ ರಿಕ್ ಅಲೆನ್ ತನ್ನ ಕಾರ್ವೆಟ್ ಓಡಿಸುತ್ತಿದ್ದ. ಇನ್ನೊಂದು ಕಾರನ್ನು ಹಿಂದೆ ಹಾಕಲು ಹೋಗಿ ತಿರುವಿನಲ್ಲಿ ಹಿಡಿತ ತಪ್ಪಿ ಕಲ್ಲಿನ ಗೋಡೆಗೆ ಗುದ್ದಿದ. ಹೊರಕ್ಕೆ ಎಸೆಯಲ್ಪಟ್ಟ. ಎಡಗೈ ತುಂಡಾಗಿತ್ತು. ವೈದ್ಯರು ಮತ್ತೆ ಜೋಡಿಸಿದರು, ಆದರೆ ನಂಜಾಗಿ ಕೆಲವೇ ದಿನಗಳಲ್ಲಿ ತೆಗೆಯಬೇಕಾಯಿತು. ಅವನಿಗಾಗ ಇಪ್ಪತ್ತೊಂದು ವರ್ಷ.

ಡ್ರಮ್ ಸೆಟ್ ಹೇಗೆ ನುಡಿಸುತ್ತಾರೆ ಅಂತ ಗೊತ್ತಿಲ್ಲದವರಿಗಾಗಿ ಒಂದು ಮಾತು. ಬಲಗಾಲು ದೊಡ್ಡ ಬೇಸ್ ಡ್ರಮ್ಮಿನ ಪೆಡಲ್ ಮೇಲೆ ಇರುತ್ತದೆ. ಎಡಗಾಲು 'ಹೈ-ಹ್ಯಾಟ್' ಅನ್ನುವ ಜೋಡಿ ತಾಳದ ಪೆಡಲ್ ಮೇಲೆ, ಅದನ್ನು ತೆರೆಯಲು ಮುಚ್ಚಲು. ಬಲಗೈ ಆ ತಾಳದ ಮೇಲೆ ಒಂದೇ ಸಮನೆ ಲಯ ಹಿಡಿದಿರುತ್ತದೆ. ಎಡಗೈ 'ಸ್ನೇರ್' ಡ್ರಮ್ಮಿಗೆ ಬೀಳುತ್ತದೆ, ಎರಡನೇ ಮತ್ತು ನಾಲ್ಕನೇ ಮಾತ್ರೆಗೆ 'ಟಪ್' ಅಂತ. ರಾಕ್ ಸಂಗೀತದಲ್ಲಿ ಜನ ತಲೆ ಅಲ್ಲಾಡಿಸುವುದು ಈ ಪೆಟ್ಟಿಗೇ. ಅಂದರೆ ರಿಕ್ ಕಳೆದುಕೊಂಡದ್ದು ಹಾಡಿನ ಬೆನ್ನುಮೂಳೆಯನ್ನು. ಮದ್ದಲೆಯವನಿಗೆ ಎಡಮುಚ್ಚಿಗೆಯೇ ಇಲ್ಲದೆ ಹೋದ ಹಾಗೆ ಅಂದುಕೊಳ್ಳಿ.

ಆಸ್ಪತ್ರೆಯಲ್ಲಿ ಮಲಗಿದಲ್ಲೇ ಹಾಡು ಕೇಳುತ್ತ, ಮಂಚದ ಕೊನೆಯಲ್ಲಿಟ್ಟಿದ್ದ ಫೋಮ್ ತುಂಡಿಗೆ ಕಾಲು ಬಡಿಯುತ್ತಿದ್ದನಂತೆ ರಿಕ್. ಎಡಗೈ ಮಾಡಬೇಕಾದ್ದನ್ನು ಎಡಗಾಲು ಮಾಡಬಲ್ಲದು ಅಂತ ಹೊಳೆದದ್ದು ಹಾಗೆ. ಕೆಲಸ ಬಿಟ್ಟುಹೋಗಿದ್ದ ಮಟ್ ಲ್ಯಾಂಗ್ ಬಂದು ಹುರಿದುಂಬಿಸಿದ. ಆಗ ತಾನೇ ಚಾಲ್ತಿಗೆ ಬಂದಿದ್ದ ಎಲೆಕ್ಟ್ರಾನಿಕ್ ಡ್ರಮ್‌ಗಳ ಸಿಮನ್ಸ್ ಕಂಪನಿ ಅವನಿಗಾಗಿ ಹೊಸ ಸೆಟ್ ಮಾಡಿಕೊಟ್ಟಿತು. ಎಡಗಾಲಿನ ಕೆಳಗೆ ಸಾಲಾಗಿ ಪೆಡಲ್‌ಗಳು. ಒಂದು ಒತ್ತಿದರೆ ಸ್ನೇರ್, ಇನ್ನೊಂದಕ್ಕೆ ಬೇಸ್ ಡ್ರಮ್, ಮತ್ತೊಂದಕ್ಕೆ ಟಾಮ್. ಕೇಳಲು ಸುಲಭ. ಆದರೆ ಮಣಿಕಟ್ಟಿನ ಒಂದು ಸಣ್ಣ ತಿರುವಿನಲ್ಲಿ ಆಗುತ್ತಿದ್ದ ಕೆಲಸವನ್ನು ತೊಡೆ, ಮೊಣಕಾಲು, ಪಾದ ಸೇರಿ ಮಾಡಬೇಕು. ಹತ್ತು ವರ್ಷದಿಂದ ಕೈಗೆ ಗೊತ್ತಿದ್ದದ್ದನ್ನು ಕಾಲಿಗೆ ಅಆಇಈಯಿಂದ ಕಲಿಸಬೇಕು. ಅಂದ ಹಾಗೆ ರಿಕ್ ಬರಿಗಾಲಲ್ಲೇ ನುಡಿಸುವವನು, ಪೆಡಲ್ಲಿನ ಸ್ಪರ್ಶ ತಿಳಿಯಬೇಕಲ್ಲ.

ತಂಡ ಏನು ಮಾಡಿತು? ಕಾಯಿತು. ಬೇರೆ ಡ್ರಮ್ಮರ್ ಹುಡುಕುವ ಮಾತನ್ನೇ ಎತ್ತಲಿಲ್ಲ, ಇರುವುದಾ ಬಿಡುವುದಾ ಅನ್ನುವುದನ್ನು ಅವನಿಗೇ ಬಿಟ್ಟರು ಅಂತ ಅವರು ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಈಗ ನನಗೆ ಈ ಕತೆಯಲ್ಲಿ ತುಂಬಾ ಮುಖ್ಯ ಅನಿಸುವ ಸಂಗತಿಗೆ ಬರುತ್ತೇನೆ. ಲ್ಯಾಂಗ್ ವಾಪಸ್ ಬಂದ ಮೇಲೆ 'ಹಿಸ್ಟೀರಿಯಾ' ಆಲ್ಬಮ್ಮನ್ನು ಮಾಡಿದ ರೀತಿ ನೋಡಿ. ಅವನ ಗುರಿ ರಾಕ್ ಸಂಗೀತದ 'ಥ್ರಿಲ್ಲರ್' ಮಾಡುವುದು, ಅಂದರೆ ಪ್ರತಿ ಹಾಡೂ ರೇಡಿಯೋದಲ್ಲಿ ಓಡಬೇಕು. ಐದು ಜನ ಒಟ್ಟಿಗೆ ಕೂತು ನುಡಿಸುವ ಪದ್ಧತಿಯೇ ಇಲ್ಲ. ಗಿಟಾರಿನ ಒಂದು ಸ್ವರಗುಚ್ಛವನ್ನು ಕೂಡ ಒಮ್ಮೆಗೇ ಮೀಟಿಸದೆ, ಒಂದೊಂದೇ ತಂತಿ ಮೀಟಿಸಿ ಬೇರೆ ಬೇರೆ ಮುದ್ರಿಸಿ ಆಮೇಲೆ ಜೋಡಿಸಿದ ಜಾಗಗಳಿವೆ. ದೊಡ್ಡ ಆಂಪ್ಲಿಫೈಯರ್ ಬದಲು ರಾಕ್‌ಮನ್ ಅನ್ನುವ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆ. ಪಲ್ಲವಿಯ ದನಿಗಳನ್ನು ಪದರದ ಮೇಲೆ ಪದರ ಹಾಕಿ, ನಾಲ್ಕೈದು ಗಂಟಲು ಒಂದು ದೊಡ್ಡ ಮೇಳವಾಗುವವರೆಗೆ ಮುದ್ರಿಸಿದರು. ಡ್ರಮ್ ಬಂದದ್ದು ಎಲ್ಲಕ್ಕಿಂತ ಕೊನೆಗೆ, ಅದೂ ಮೊದಲೇ ಹಿಡಿದಿಟ್ಟ ಡ್ರಮ್ ಸದ್ದುಗಳನ್ನು ಫೇರ್‌ಲೈಟ್ ಕಂಪ್ಯೂಟರಿನಲ್ಲಿ ಜೋಡಿಸಿ.

ಅರ್ಥವಾಯಿತಲ್ಲ? ಆ ಆಲ್ಬಮ್ಮಿಗೆ ಎರಡು ಕೈಯಿನ ಡ್ರಮ್ಮರ್ ಬೇಕಿರಲಿಲ್ಲ. ಹಾಗೆ ನೋಡಿದರೆ ಡ್ರಮ್ಮರೇ ಬೇಕಿರಲಿಲ್ಲ! ಯಂತ್ರ ಸಾಕಿತ್ತು. ವ್ಯಾಪಾರದ ಲೆಕ್ಕದಲ್ಲಿ ರಿಕ್‌ಗೆ ಒಂದಷ್ಟು ಹಣ ಕೊಟ್ಟು ಕಳಿಸಿ, ರೆಕಾರ್ಡ್ ಮುಗಿಸಿ, ವೇದಿಕೆಗೆ ಬಾಡಿಗೆ ಡ್ರಮ್ಮರ್ ತಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಹಾಗಾದರೆ ಇವರು ಉಳಿಸಿಕೊಂಡದ್ದು ಒಂದು ವಾದ್ಯವನ್ನಲ್ಲ, ವೇದಿಕೆಯ ಮೇಲಿನ ಒಂದು ಜಾಗವನ್ನು. 'ಇದು ಯಂತ್ರದ ಸಂಗೀತ, ಆತ್ಮ ಇಲ್ಲ' ಅಂತ 'ಹಿಸ್ಟೀರಿಯಾ'ವನ್ನು ಬೈಯುವವರಿಗೆ ನಾನು ಹೇಳುವುದು ಇಷ್ಟೇ. ಯಂತ್ರ ನಿಜ. ಆದರೆ ಆ ಯಂತ್ರ ಮನುಷ್ಯನನ್ನು ಹೊರಗೆ ಹಾಕಲಿಲ್ಲ. ರಿಕ್ ಮತ್ತೆ ನುಡಿಸಲು ಆದದ್ದೇ ಅದೇ ಕಾಲದ ಅಂಥದೇ ಎಲೆಕ್ಟ್ರಾನಿಕ್ ಸಲಕರಣೆಗಳಿಂದ. ಹತ್ತು ವರ್ಷ ಮೊದಲು ಈ ಅಪಘಾತ ಆಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಪರೀಕ್ಷೆ ನಡೆದದ್ದು 1986ರ ಆಗಸ್ಟಿನಲ್ಲಿ, ಐರ್ಲೆಂಡಿನ ಸಣ್ಣ ಸಣ್ಣ ಕಾರ್ಯಕ್ರಮಗಳಲ್ಲಿ. ಸ್ಟೇಟಸ್ ಕ್ವೋ ತಂಡದ ಜೆಫ್ ರಿಚ್‌ನನ್ನು ಜೊತೆಗಿರಲಿ ಅಂತ ಕರೆಸಿದ್ದರು, ಎರಡು ಡ್ರಮ್ ಸೆಟ್ ಪಕ್ಕಪಕ್ಕ. ಒಂದು ರಾತ್ರಿ ಜೆಫ್ ಬರುವುದು ತಡವಾಯಿತು. ರಿಕ್ ಒಬ್ಬನೇ ಶುರು ಮಾಡಿದ. ಹಾಡುಗಳು ನಿಂತವು. ಜೆಫ್ ಬಂದು ನೋಡಿ, ಇನ್ನು ನನ್ನ ಅಗತ್ಯ ಇಲ್ಲ ಅಂತ ಅರ್ಥ ಮಾಡಿಕೊಂಡ. ಆಗಸ್ಟ್ 16ರಂದು ಡಾನಿಂಗ್‌ಟನ್‌ನ 'ಮಾನ್ಸ್ಟರ್ಸ್ ಆಫ್ ರಾಕ್' ಉತ್ಸವ. ಜೋ ರಿಕ್ ಹೆಸರು ಹೇಳಿದಾಗ ಇಡೀ ಮೈದಾನ ಕೂಗಿತು. ಆರು ವರ್ಷದ ಹಿಂದೆ ಬಾಟಲಿ ಎಸೆದದ್ದೂ ಇಂಥದೇ ಇಂಗ್ಲಿಷ್ ಜನಸಮೂಹ.

'ಹಿಸ್ಟೀರಿಯಾ' ಹೊರಬಂದದ್ದು 1987ರ ಆಗಸ್ಟ್ 3ಕ್ಕೆ. ಹೆಸರಿಟ್ಟವನು ರಿಕ್, ಅಪಘಾತದ ನಂತರ ಪತ್ರಿಕೆಗಳು ಎಬ್ಬಿಸಿದ ಗದ್ದಲ ನೋಡಿ. ಮೂರು ವರ್ಷ, ಹಲವು ಸ್ಟುಡಿಯೋ, ನಡುವೆ ಲ್ಯಾಂಗ್‌ನ ಕಾರು ಅಪಘಾತ, ಜೋಗೆ ಕೆಪ್ಪಟರಾಯ... ಖರ್ಚು ಎಷ್ಟಾಗಿತ್ತೆಂದರೆ ಐವತ್ತು ಲಕ್ಷ ಪ್ರತಿ ಮಾರಿದರೆ ಮಾತ್ರ ಹಾಕಿದ ಹಣ ವಾಪಸ್ ಅನ್ನುತ್ತಿದ್ದರಂತೆ. ಇಂಗ್ಲೆಂಡಿನಲ್ಲಿ ನೇರ ಮೊದಲ ಸ್ಥಾನ. ಅಮೆರಿಕದಲ್ಲಿ ಮಾತ್ರ ನಿಧಾನ. ಅಲ್ಲಿ ತುದಿ ಮುಟ್ಟಿದ್ದು 1988ರ ಜುಲೈನಲ್ಲಿ, ಬಿಡುಗಡೆಯಾಗಿ ಸುಮಾರು ಒಂದು ವರ್ಷಕ್ಕೆ. ಅದಕ್ಕೆ ಕಾರಣವಾದ 'ಪೋರ್ ಸಮ್ ಶುಗರ್ ಆನ್ ಮಿ' ಆಲ್ಬಮ್ ಇನ್ನೇನು ಮುಗಿಯಿತು ಅನ್ನುವಾಗ ಸೇರಿದ ಹಾಡು. ಜೋ ಬಿಡುವಿನಲ್ಲಿ ಗಿಟಾರ್ ಕೆರೆಯುತ್ತಿದ್ದದ್ದು ಲ್ಯಾಂಗ್ ಕಿವಿಗೆ ಬಿತ್ತು, ಕೆಲವೇ ದಿನಗಳಲ್ಲಿ ಹಾಡು ಸಿದ್ಧ. ಮೂರು ವರ್ಷ ತೇಯ್ದದ್ದಕ್ಕಿಂತ ಕೊನೆಗಳಿಗೆಯಲ್ಲಿ ಹುಟ್ಟಿದ್ದೇ ಜಾಸ್ತಿ ಓಡಿತು ನೋಡಿ! ಅದೇ ವರ್ಷ ಅಕ್ಟೋಬರಿನಲ್ಲಿ 'ಲವ್ ಬೈಟ್ಸ್' ಅಮೆರಿಕದಲ್ಲಿ ಅವರ ಮೊದಲ ನಂಬರ್ ಒನ್ ಹಾಡಾಯಿತು. ಆಲ್ಬಮ್ ಜಗತ್ತಿನಾದ್ಯಂತ ಎರಡು ಕೋಟಿಗೂ ಹೆಚ್ಚು ಮಾರಾಟವಾಗಿದೆ.

ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ನೀತಿಕತೆ ಆಗುತ್ತಿತ್ತು. ಆದರೆ ಸ್ಟೀವ್ ಕ್ಲಾರ್ಕ್ ಇದ್ದಾನಲ್ಲ.

ಗಿಟಾರನ್ನು ಮೊಣಕಾಲವರೆಗೆ ಇಳಿಬಿಟ್ಟು, ಬಳುಕುತ್ತ ನುಡಿಸುತ್ತಿದ್ದ ಸ್ಟೀವ್. ತಂಡದ ಗಟ್ಟಿಯಾದ ಗಿಟಾರ್ ನಡೆಗಳು ಬಹಳಷ್ಟು ಅವನವು. ಅವನೂ ಫಿಲ್ ಕಾಲಿನ್ನೂ ಕುಡಿತದಲ್ಲಿ ಜೋಡಿ. ಫಿಲ್ ಎಂಬತ್ತರ ದಶಕದ ಕೊನೆಗೆ ಪೂರ್ತಿ ಬಿಟ್ಟ. ಸ್ಟೀವ್‌ಗೆ ಆಗಲಿಲ್ಲ. 1989ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಪ್ರಜ್ಞೆ ಇಲ್ಲದೆ ಆಸ್ಪತ್ರೆ ಸೇರಿದ. ಪೀಟ್ ವಿಲ್ಲಿಸ್‌ಗೆ ಮಾಡಿದ ಹಾಗೆ ಇವನನ್ನು ತೆಗೆದುಹಾಕಲಿಲ್ಲ. ಚಿಕಿತ್ಸೆಗೆ ಸೇರಿಸಿದರು, 1990ರಲ್ಲಿ ಆರು ತಿಂಗಳು ರಜೆ ಕೊಟ್ಟರು. ರಿಕ್‌ಗೆ ಕಾದ ಹಾಗೇ ಕಾದರು. 1991ರ ಜನವರಿ 8ರಂದು ಲಂಡನ್ನಿನ ತನ್ನ ಮನೆಯಲ್ಲಿ ಸ್ಟೀವ್ ತೀರಿಕೊಂಡ. ಮದ್ಯ ಮತ್ತು ನೋವಿನ ಮಾತ್ರೆ ಸೇರಿ. ವಯಸ್ಸು ಮೂವತ್ತು.

ಕೈ ಹೋದವನಿಗೆ ಪೆಡಲ್ ಮಾಡಿಕೊಡಬಹುದು. ಒಳಗೆ ಏನೋ ಮುರಿದವನಿಗೆ ಯಾವ ಕಂಪನಿ ಏನು ಮಾಡಿಕೊಟ್ಟೀತು? ಒಂದೇ ತಂಡ, ಅದೇ ಗೆಳೆಯರು, ಅದೇ ತಾಳ್ಮೆ. ಒಬ್ಬ ಎದ್ದುಬಂದ, ಇನ್ನೊಬ್ಬ ಬರಲಿಲ್ಲ. 'ಮನಸ್ಸಿದ್ದರೆ ಮಾರ್ಗ' ಅಂತ ರಿಕ್ ಅಲೆನ್ ಫೋಟೋ ಹಾಕಿ ಹಂಚುವವರು ಸ್ಟೀವ್ ಕ್ಲಾರ್ಕ್ ಕತೆ ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ನಿಜ ಅಂತ ನನಗನಿಸುತ್ತದೆ.

ಮುಂದಿನದು ಬೇಗ ಹೇಳುತ್ತೇನೆ. ಸ್ಟೀವ್ ಇಲ್ಲದ 'ಅಡ್ರಿನಲೈಜ್' ಆಲ್ಬಮ್ಮನ್ನು ನಾಲ್ಕೇ ಜನ ಮುಗಿಸಿದರು. ಇಬ್ಬರ ಗಿಟಾರನ್ನೂ ಫಿಲ್ ಒಬ್ಬನೇ ನುಡಿಸಿದ, ಗೆಳೆಯ ಬಿಟ್ಟುಹೋದ ಡೆಮೋಗಳನ್ನು ಕೇಳಿ ಅವನ ಹಾಗೇ. ಅದರಲ್ಲಿನ 'ವೈಟ್ ಲೈಟ್ನಿಂಗ್' ಸ್ಟೀವ್ ಮೇಲಿನ ಹಾಡು. 1992ರ ಮಾರ್ಚಿನಲ್ಲಿ ಬಂದು ಎರಡೂ ದೇಶಗಳಲ್ಲಿ ಮೊದಲ ಸ್ಥಾನ ಪಡೆಯಿತು. ಆಮೇಲೆ ಬೆಲ್‌ಫಾಸ್ಟ್‌ನ ವಿವಿಯನ್ ಕ್ಯಾಂಪ್‌ಬೆಲ್ ಸೇರಿದ. ಆದರೆ ಅಷ್ಟರಲ್ಲಿ ನಿರ್ವಾಣ ಬಂದಾಗಿತ್ತು. ಹರಿದ ಸ್ವೆಟರಿನ ಹುಡುಗರು ಮಿನುಗುವ ಪ್ಯಾಂಟಿನವರನ್ನು ಒಂದೆರಡು ವರ್ಷದಲ್ಲಿ ಮನೆಗೆ ಕಳಿಸಿದರು. ಡೆಫ್ ಲೆಪರ್ಡ್ ಮಾತ್ರ ಸಣ್ಣ ಸಭೆಯಾದರೂ ಸರಿ ಅಂತ ಊರೂರು ತಿರುಗಿ ಉಳಿದುಕೊಂಡಿತು. 1995ರ ಅಕ್ಟೋಬರ್ 23ರಂದು ಟ್ಯಾಂಜಿಯರ್, ಲಂಡನ್, ವ್ಯಾಂಕೂವರ್, ಹೀಗೆ ಒಂದೇ ದಿನ ಮೂರು ಖಂಡಗಳಲ್ಲಿ ನುಡಿಸಿ ಗಿನ್ನೆಸ್ ಸೇರಿತು. 2019ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರನ್ನು ಬರಮಾಡಿಕೊಂಡವರು ಕ್ವೀನ್ ತಂಡದ ಬ್ರಯನ್ ಮೇ. ಆ ಪಟ್ಟಿಯಲ್ಲಿ ತೀರಿಹೋದ ಸ್ಟೀವ್ ಹೆಸರಿತ್ತು, 1982ರಲ್ಲಿ ಹೊರಹಾಕಿದ ಪೀಟ್ ವಿಲ್ಲಿಸ್ ಹೆಸರೂ ಇತ್ತು. 2022ರ ಆಲ್ಬಮ್ಮಿಗೆ 'ಡೈಮಂಡ್ ಸ್ಟಾರ್ ಹೇಲೋಸ್' ಅಂತ ಟಿ. ರೆಕ್ಸ್ ಹಾಡಿನಿಂದ ಹೆಸರು ತೆಗೆದಿಟ್ಟರು. ನೋಡಿ, ಅಜ್ಜನ ಮನೆಗೇ ವಾಪಸ್.

ಮಟ್ ಲ್ಯಾಂಗ್ ಆಮೇಲೇನಾದ ಅಂತೀರಾ? ಶನಾಯಾ ಟ್ವೈನ್‌ಳ 'ಕಮ್ ಆನ್ ಓವರ್' (1997) ಅವನದೇ ನಿರ್ಮಾಣ. ಆ ಹಾಡುಗಳ ಪಲ್ಲವಿ ಗಮನವಿಟ್ಟು ಕೇಳಿ, 'ಹಿಸ್ಟೀರಿಯಾ' ಹುಡುಗರ ಮೇಳ ಸೀರೆ ಉಟ್ಟುಕೊಂಡು ಬಂದ ಹಾಗಿದೆ. 2002ರ ಅವಳ 'ಅಪ್!' ಆಲ್ಬಮ್ಮಿಗಂತೂ ಹಿಂದಿ ಸಿನಿಮಾ ಧಾಟಿಯ ಇನ್ನೊಂದು ಆವೃತ್ತಿಯನ್ನೇ ಮಾಡಿಸಿದ, ಡುಗ್ಗಲ್ ಸಹೋದರರ ಕೈಲಿ.

ರಿಕ್ ಅಲೆನ್ 2001ರಲ್ಲಿ ಹೆಂಡತಿ ಜೊತೆ ಸೇರಿ 'ರೇವನ್ ಡ್ರಮ್ ಫೌಂಡೇಶನ್' ಶುರು ಮಾಡಿದ. ಯುದ್ಧದಿಂದ ಮೈ, ಮನಸ್ಸು ಮುರಿದುಕೊಂಡು ಬಂದ ಸೈನಿಕರನ್ನು ಕೂರಿಸಿಕೊಂಡು ಡ್ರಮ್ ಬಾರಿಸುವ ಕೆಲಸ ಅದರದ್ದು. ಮೈಯ ಗಾಯವನ್ನು ಗೆದ್ದವನು ಮನಸ್ಸಿನ ಗಾಯದ ಹತ್ತಿರ ಹೋಗಿ ಕೂತಿದ್ದಾನೆ. ಸ್ಟೀವ್ ನೆನಪು ಅದರಲ್ಲಿ ಇಲ್ಲದೆ ಇರಲಾರದು ಅಂತ ನನ್ನ ಊಹೆ, ಅಷ್ಟೇ.

ಕೇಳಬೇಕು ಅನಿಸಿದವರಿಗೆ: ಮೊದಲು 'ಫೋಟೋಗ್ರಾಫ್', ಆಮೇಲೆ 'ಹಿಸ್ಟೀರಿಯಾ' ಶೀರ್ಷಿಕೆ ಗೀತೆ (ಹೆಡ್‌ಫೋನ್ ಹಾಕಿಕೊಂಡು, ಎರಡು ಕಿವಿಯಲ್ಲಿ ಎರಡು ಗಿಟಾರ್ ಹೇಗೆ ಮಾತಾಡಿಕೊಳ್ಳುತ್ತವೆ ಕೇಳಿ), ಕೊನೆಗೆ 'ವೈಟ್ ಲೈಟ್ನಿಂಗ್'. ಆಮೇಲೆ 1988ರಲ್ಲಿ ಡೆನ್ವರ್‌ನಲ್ಲಿ ಚಿತ್ರಿಸಿದ ಕಾರ್ಯಕ್ರಮದ ವೀಡಿಯೋ ನೋಡಿ. ವೇದಿಕೆ ನಡುವೆ, ಜನ ಸುತ್ತಲೂ, ಬಯಲಾಟದ ರಂಗದ ಹಾಗೆ. ಎಲ್ಲರ ಕಣ್ಣು ಜೋ ಮೇಲೆ, ಗಿಟಾರಿನವರ ಮೇಲೆ ಇರುತ್ತದೆ. ನೀವು ಮಾತ್ರ ರಿಕ್‌ನ ಎಡಗಾಲು ನೋಡಿ.